ಬೇಲೂರಲ್ಲಿ 45 ನಿಮಿಷದ ನಗೆನಡಿಗೆ: ಎಲ್ಲಿಂದ ಶುರು, ಏನು ತೋರಿಸೋದು, ಏನು ಕೈಬಿಡೋದು?

ಬೀಗರ_ಉಸ್ತುವಾರಿ
ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಮದುವೆ. ಮಾರನೇ ದಿನ ಬೀಗರನ್ನ ಬೇಲೂರಿಗೆ ಕರ್ಕೊಂಡು ಹೋಗೋ ಕೆಲಸ ನನ್ನ ಪಾಲಿಗೆ ಬಂದಿದೆ. ಒಟ್ಟು 22 ಜನ. ಆರು ಮಕ್ಕಳು, ಮೊಣಕಾಲು ನೋವಿನ ನಾಲ್ಕು ಹಿರಿಯರು, ಉಳಿದೋರು "ಫೋಟೋ ಎಲ್ಲಿ ಚೆನ್ನಾಗ್ ಬರುತ್ತೆ" ಪಾರ್ಟಿ. ಮಧ್ಯಾಹ್ನದ ಊಟಕ್ಕೆ ಹಾಸನಕ್ಕೆ ವಾಪಸ್ ಬರ್ಲೇಬೇಕು, ಹಾಗಾಗಿ ಚನ್ನಕೇಶವನಿಗೆ ಸಿಗೋದು ಮುಕ್ಕಾಲು ಗಂಟೆ.

ಇಸವಿ, ರಾಜ, ಶಾಸನ ಅಂತ ಪಾಠ ಶುರುವಾದ್ರೆ ಅರ್ಧ ಜನ ನೆರಳು ಹುಡುಕ್ಕೊಂಡು ಹೋಗ್ಬಿಡ್ತಾರೆ. ನಗಿಸ್ತಾ ನಡೆಸ್ಬೇಕು, ಆದ್ರೆ ಸುಳ್ಳೂ ಹೇಳ್ಬಾರ್ದು. ಯಾವ ಕಡೆಯಿಂದ ಶುರು ಮಾಡೋದು, ಎಲ್ಲೆಲ್ಲಿ ನಿಲ್ಲಿಸೋದು, ಎಷ್ಟು ನಿಮಿಷ? ಬಲ್ಲವರು ಹೇಳಿ.

ಜಗತಿಕಟ್ಟೆ
ಮೊದಲ ತಪ್ಪು ಎಲ್ಲರೂ ಮಾಡೋದು ಒಂದೇ. ಚಪ್ಪಲಿ ಬಿಟ್ಟ ತಕ್ಷಣ ಸೀದಾ ಗರ್ಭಗುಡಿಗೆ ನುಗ್ಗೋದು. ಬಿಸಿಲಿಂದ ಕತ್ತಲಿಗೆ ಹೋದ್ರೆ ಎರಡು ನಿಮಿಷ ಏನೂ ಕಾಣಲ್ಲ. ಕಣ್ಣು ಹೊಂದ್ಕೊಳ್ಳೋ ಹೊತ್ತಿಗೆ ಹಿಂದಿನವರು ತಳ್ಳಿ ಹೊರಗೆ ಹಾಕಿರ್ತಾರೆ. ನವರಂಗ, ಅಂದ್ರೆ ಗರ್ಭಗುಡಿ ಮುಂದಿನ ಕಂಬಗಳ ಮಂಟಪ, ನೋಡ್ದೇನೇ ಬಂದಂಗಾಯ್ತು.

ನನ್ನ ಲೆಕ್ಕ: ಗೋಪುರದ ಹೊರಗೆ 5 ನಿಮಿಷ, ಅಂಗಳ ಮತ್ತು ದೀಪಸ್ತಂಭ 7, ಜಗತಿ (ಗುಡಿ ಕೂತಿರೋ ಎತ್ತರದ ಕಲ್ಲುಕಟ್ಟೆ) ಮೇಲೆ ಹೊರಗೋಡೆ 15, ಒಳಗೆ 12, ಕೊನೆಗೆ ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ 5. ಒಟ್ಟು 44. ಉಳಿದ ಒಂದು ನಿಮಿಷ ತಪ್ಪಿಸಿಕೊಂಡ ಮಕ್ಕಳನ್ನ ಹುಡುಕೋಕೆ.

ಜಗತಿ ಹತ್ತಿದ ಮೇಲೆ ಪ್ರದಕ್ಷಿಣೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಪೂರ್ವದ ಬಾಗಿಲ ಎದುರು ನಿಂತು ಎಡಕ್ಕೆ ತಿರುಗಿ, ಗುಡಿ ನಿಮ್ಮ ಬಲಗೈಗೆ ಇರ್ಬೇಕು. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಪ್ರವಾಸದ ಬಸ್ಸಿನ ಗುಂಪೆಲ್ಲ ಹಾಗೇ ಹೋಗುತ್ತೆ. ಉಲ್ಟಾ ಹೋದ್ರೆ ಪ್ರತಿ ಮೂಲೇಲೂ ಯಾವ್ದಾದ್ರೂ ಶಾಲೆ ಮಕ್ಕಳ ಸಾಲು ಎದುರಾಗುತ್ತೆ.

ಶಾಸನಪ್ರಿಯ
ಗೋಪುರದ ಹತ್ರಾನೇ ಒಂದು ತಮಾಷೆ ಇದೆ, ಬಿಡ್ಬೇಡಿ. "ಹೊಯ್ಸಳರ ಗೋಪುರ ನೋಡಿ ಎಷ್ಟ್ ಚೆನ್ನಾಗಿದೆ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಕಾಯ್ತಾ ಇರಿ, ಹೇಳಿದ ಮೇಲೆ ತಿದ್ದಿ. ಹಳೇದು ದಾಳಿಯಲ್ಲಿ ಸುಟ್ಟುಹೋದ ಮೇಲೆ 1397ರಲ್ಲಿ, ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು ಅದು. ಹೊಯ್ಸಳರ ಮನೆಗೆ ವಿಜಯನಗರದ ಗೇಟು.

ಒಳಗೆ ಬಂದ ಮೇಲೆ ಎರಡನೇ ಪ್ರಶ್ನೆ ಬರುತ್ತೆ: "ಗುಡಿಗೆ ಗೋಪುರಾನೇ ಇಲ್ವಲ್ಲ?" ಗರ್ಭಗುಡಿ ಮೇಲಿನ ಶಿಖರ ಇಟ್ಟಿಗೆ-ಮರದ್ದು. ಭಾರಕ್ಕೆ ಕೆಳಗಿನ ಕಟ್ಟಡಕ್ಕೆ ಅಪಾಯ ಅಂತ 1879ರಲ್ಲಿ ಬಿಚ್ಚಿದ್ರು. ಈ ಎರಡು ಇಸವಿ ಸಾಕು ಗೋಪುರದ ವಿಷಯಕ್ಕೆ. ಮೂರನೇದು ಹೇಳಿದ್ರೆ ಜನ ಚದುರ್ತಾರೆ.

ಯಗಚಿತೀರ
ಇಸವಿ ಬೇಡ ಅಂದೋರಿಗೆ 42ರ ಲೆಕ್ಕ ಹೇಳಿಕೊಡಿ, ಮಕ್ಕಳೂ ಮರೆಯಲ್ಲ. ಮದನಿಕೆಯರು, ಅಂದ್ರೆ ಕಲ್ಲಿನ ಸುಂದರಿಯರು, 42: ಹೊರಗೆ 38, ಒಳಗೆ 4. ದೀಪಸ್ತಂಭ 42 ಅಡಿ. 2023ರ ಸೆಪ್ಟೆಂಬರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ ಯುನೆಸ್ಕೋ ಪಟ್ಟಿಗೆ ಹೋದ್ವಲ್ಲ, ಅದು ಭಾರತದ 42ನೇ ತಾಣ. ಇದರಲ್ಲಿ ಯಾವ ಗೂಢಾರ್ಥಾನೂ ಇಲ್ಲ, ಕಾಕತಾಳೀಯ. ಆದ್ರೂ ಬೀಗರಲ್ಲಿ ಒಬ್ಬರು ಲಾಟರಿ ನಂಬರ್ ಬರ್ಕೊಳ್ತಾರೆ ನೋಡಿ.

ಮಾಣಿ_ಮೂಡಿಗೆರೆ
ಎಂತ ಮಾರಾಯ್ರೆ, ಎಲ್ಲರೂ ಅಂಕಿ ಅಂಶಕ್ಕೇ ಇಳಿದ್ರಲ್ಲ. ನಗಿಸೋದು ಹೇಗೆ ಅಂತ ಕೇಳಿದ್ದು ಅವ್ರು.

ಗೈಡ್_ಅಲ್ಲ_ಗೈಡ್_ಥರ
ನಗಿಸೋದು ಹೇಳ್ತೀನಿ ಕೇಳಿ. ನಿಯಮ ಒಂದೇ: ಜೋಕು ಕಲ್ಲಿನಲ್ಲಿ ಕಾಣ್ಬೇಕು. ನೀವು ಬೆರಳು ತೋರಿಸಿದ ಕಡೆ ನೋಡಿದ್ರೇನೇ ನಗು ಬರ್ಬೇಕು. ಎಲ್ಲಿ ನಿಂತು ಹೇಳಿದ್ರೂ ನಡೆಯೋ ಜೋಕಿಗೆ ಬೇಲೂರಿಗ್ಯಾಕೆ ಬರ್ಬೇಕು, ಮದುವೆ ಛತ್ರದಲ್ಲೇ ಹೇಳ್ಬಹುದಲ್ಲ.

ಕಲ್ಲಿಂದಲೇ ಶುರು ಮಾಡಿ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಉಳಿ ಹೇಳಿದಂಗೆ ಕೇಳುತ್ತೆ. ಗಾಳಿಗೆ ಬಿದ್ದು ವರ್ಷ ಕಳೆದಂಗೆ ಗಟ್ಟಿ. ಅದಕ್ಕೇ ಸರದ ಒಂದೊಂದು ಮಣೀನೂ ಬಿಡಿಸಿ ಕೆತ್ತೋಕಾಯ್ತು, ಅದಕ್ಕೇ 900 ವರ್ಷ ಉಳೀತು. ಇದನ್ನ ಹೇಳಿ ಒಂದು ಉಸಿರು ಬಿಟ್ಟು, "ನಮ್ಮನೆ ಅಳಿಯಂದಿರ ಥರ. ಮದುವೆಗೆ ಮುಂಚೆ ಹೇಗ್ ಬೇಕಾದ್ರೂ ಕೆತ್ತಬಹುದು, ಆಮೇಲೆ ಉಳೀನೇ ಮುರಿಯುತ್ತೆ" ಅನ್ನಿ. ಮದುವೆ ಮಾರನೇ ದಿನ ಇದು ಫೇಲ್ ಆಗಲ್ಲ. ಜೊತೆಗೆ ಕಲ್ಲಿನ ಗುಣ ತಲೇಲಿ ಉಳಿಯುತ್ತೆ.

ಮುಂದೆ ಕೆಳಸಾಲಿನ ಆನೆಗಳು. 650ರ ಆಸುಪಾಸು ಅಂತಾರೆ. ಮಕ್ಕಳಿಗೆ ಪಂದ್ಯ ಕಟ್ಟಿ: ಒಂದೇ ಥರ ಇರೋ ಎರಡು ಆನೆ ಹುಡುಕಿದ್ರೆ ಐಸ್‌ಕ್ರೀಮು. ಸೊಂಡಿಲು, ಕಾಲು, ಸರಪಳಿ, ಏನಾದ್ರೂ ಒಂದು ಬೇರೆ ಇರುತ್ತೆ. ನಿಮ್ಮ ದುಡ್ಡೂ ಉಳೀತು, ಮಕ್ಕಳೂ ಹದಿನೈದು ನಿಮಿಷ ತೆಪ್ಪಗೆ. ಆನೆ ಸಾಲು ಅವರ ಕಣ್ಣಿನ ಎತ್ತರಕ್ಕೇ ಇರೋದ್ರಿಂದ ಎತ್ತಿಕೊಳ್ಳೋ ಕಷ್ಟಾನೂ ಇಲ್ಲ.

ಕಾಫಿಸೀಮೆ_ಅಕ್ಕ
ಮದನಿಕೆಯರ ಹತ್ರ ಬಂದಾಗ ಒಂದು ಮಾತು. "12ನೇ ಶತಮಾನದ ಮಿನಿ ಸ್ಕರ್ಟ್ ನೋಡಿ, ಹೈ ಹೀಲ್ಸ್ ನೋಡಿ, ಬ್ಯೂಟಿ ಪಾರ್ಲರ್ ನೋಡಿ" ಅನ್ನೋ ಮಾಮೂಲಿ ಕ್ಯಾಸೆಟ್ ದಯವಿಟ್ಟು ಹಾಕ್ಬೇಡಿ. ಗಂಡಸರು ನಾಲ್ಕು ಜನ ಹಿ ಹಿ ಅಂತಾರೆ, ಹೆಂಗಸರು ಮೊಬೈಲ್ ತೆಗೀತಾರೆ. ಅಲ್ಲಿಗೆ ಗುಂಪು ಎರಡು ಹೋಳು.

ಹಾಸನ್_ಹೈದ
ಅಯ್ಯೋ ಅಕ್ಕ, ಅದು ಎಷ್ಟೋ ವರ್ಷದಿಂದ ನಡೀತಿರೋ ಜೋಕು, ಜನ ನಗ್ತಾರಪ್ಪ. ಎಲ್ಲದಕ್ಕೂ ತಕರಾರು ಮಾಡಿದ್ರೆ ನಗೋದ್ಯಾವಾಗ?

ಕಾಫಿಸೀಮೆ_ಅಕ್ಕ
ತಕರಾರಲ್ಲಪ್ಪ, ಅದಕ್ಕಿಂತ ಒಳ್ಳೇ ಜೋಕು ಕಲ್ಲಲ್ಲೇ ಇದೆ. ಶಿಲ್ಪಿಗಳೇ ತಮಾಷೆ ಮಾಡಿದ್ದಾರೆ, ನಾವು ಓದಿ ಹೇಳಿದ್ರೆ ಸಾಕು.

ಕೋತಿಯೊಂದು ಮದನಿಕೆಯ ಸೀರೆ ಸೆರಗು ಎಳೀತಿದೆ, ಅವಳು ಕಡ್ಡಿ ಎತ್ತಿ ಹೆದರಿಸ್ತಿದ್ದಾಳೆ. ಗಿಣಿ ಜೊತೆ ಮಾತಾಡೋ ಶುಕಭಾಷಿಣಿ: "ಗಿಣಿಗೆ ಏನ್ ಹೇಳ್ತಿರಬಹುದು" ಅಂತ ಗುಂಪಿಗೇ ಕೇಳಿ. ಸೊಸೆಯಂದಿರು ಒಂದು ಹೇಳ್ತಾರೆ, ಅತ್ತೆಯಂದಿರು ಇನ್ನೊಂದು ಹೇಳ್ತಾರೆ, ನೀವು ಬಾಯೇ ಬಿಡೋದು ಬೇಡ. ಬಟ್ಟೆಯೊಳಗೆ ಚೇಳು ಹೊಕ್ಕು ಒದರ್ತಿರೋಳು ಇದ್ದಾಳೆ. ಅವಳ ಗಾಬರಿ ಕಾಲು ಹೇಗೆ ನಿಂತಿದೆ ಅನ್ನೋದ್ರಲ್ಲೇ ಗೊತ್ತಾಗುತ್ತೆ, ಮೈ ಬಗ್ಗೆ ಮಾತೇ ಬೇಡ. ತಲೆ ಮೇಲಿನ ಬಳ್ಳಿ ಚಪ್ಪರದಲ್ಲಿ ಹಲಸಿನ ಹಣ್ಣಿನ ಮೇಲೆ ನೊಣ, ನೊಣ ಹಿಡಿಯೋಕೆ ಹೊಂಚು ಹಾಕೋ ಹಲ್ಲಿ ಒಂದು ಕಡೆ ಇದೆ. ಅದನ್ನ ಹುಡುಕೋ ಕೆಲಸ ದೊಡ್ಡೋರಿಗೆ ಕೊಡಿ.

ಹಾಸನ್_ಹೈದ
ಗಿಣಿದು ಚೆನ್ನಾಗಿದೆ. ಒಪ್ಪಿದೆ.

ಜಗತಿಕಟ್ಟೆ
38ನ್ನೂ ತೋರಿಸೋಕೆ ಹೋಗ್ಬೇಡಿ ಮತ್ತೆ. ಐದು ಸಾಕು. ಅವು ಇರೋದು ಸೂರಿನ ಕೆಳಗೆ, ಮುಂದಕ್ಕೆ ಬಾಗಿ. ಆರನೇದಕ್ಕೆ ಕತ್ತು ಹಿಡಿಯುತ್ತೆ, ಏಳನೇದಕ್ಕೆ "ಊಟ ಎಷ್ಟೊತ್ತಿಗೆ" ಅಂತಾರೆ. ನೇರ ಕೆಳಗೆ ನಿಂತ್ರೆ ಗದ್ದ ಮಾತ್ರ ಕಾಣೋದು. ಮೂರು ನಾಲ್ಕು ಹೆಜ್ಜೆ ಹಿಂದೆ ಸರೀಬೇಕು.

ಇಲ್ಲೇ ಅಪಾಯ ಇರೋದು. ಎತ್ತಿದ ಕತ್ತು, ಕೈಯಲ್ಲಿ ಮೊಬೈಲು, "ಇನ್ನೊಂಚೂರು ಹಿಂದೆ ಬಾ, ಇನ್ನೊಂಚೂರು" ಅಂತ ಜೊತೆಗಾರರು. ಜಗತಿಗೆ ಕಟಕಟೆ ಇಲ್ಲ, ಅಂಚು ನೇರವಲ್ಲ, ನಕ್ಷತ್ರದ ಥರ ಒಳಗೆ ಹೊರಗೆ ಮಡಚಿಕೊಂಡಿದೆ. ನೀವು ಹಿಂದೆ ಜಾಗ ಇದೆ ಅಂದ್ಕೊಂಡಿರೋ ಕಡೆ ಮೂಲೆ ಒಳಕ್ಕೆ ಹೋಗಿರುತ್ತೆ. ಎತ್ತರ ಮೂರಡಿ ಅಷ್ಟೇ, ಆದ್ರೆ ಬೆನ್ನು ಮುಂದಾಗಿ ಬಿದ್ರೆ ಮೂರಡಿನೂ ಜಾಸ್ತೀನೇ. ಒಬ್ಬರು ದೊಡ್ಡೋರನ್ನ ಅಂಚಿನ ಕಡೆ ಬೇಲಿ ಥರ ನಿಲ್ಲಿಸಿ.

ಬೀಗರ_ಉಸ್ತುವಾರಿ
ಇದು ಹೊಳೆದೇ ಇರ್ಲಿಲ್ಲ. 22 ಜನಕ್ಕೂ ಒಂದೇ ಸಲ ಕೇಳಿಸುತ್ತಾ? ಪುಟ್ಟ ಮೈಕ್ ಸಿಗುತ್ತಲ್ಲ ಸೊಂಟಕ್ಕೆ ಕಟ್ಕೊಳ್ಳೋದು, ತರ್ಲಾ?

ಗೈಡ್_ಅಲ್ಲ_ಗೈಡ್_ಥರ
ಬೇಡ. ಅದು ಪೂಜೆ ನಡೆಯೋ ಗುಡಿ. ಜೊತೆಗೆ ಅಕ್ಕಪಕ್ಕ ಇನ್ನೂ ನಾಲ್ಕು ಗುಂಪು ಇರುತ್ತೆ. 11-11 ಎರಡು ಭಾಗ ಮಾಡಿ. ಒಂದು ಭಾಗ ಜಗತಿ ಮೇಲೆ ಇದ್ದಾಗ ಇನ್ನೊಂದು ಭಾಗ ಅಂಗಳದ ದೀಪಸ್ತಂಭದ ಹತ್ರ, ಆಮೇಲೆ ಅದಲು ಬದಲು. ನಡೆಸೋರು ಇಬ್ಬರು ಬೇಕು. ಗೋಡೆಗೆ ಬೆನ್ನು ಹಾಕಿ, ಜನದ ಕಡೆ ಮುಖ ಮಾಡಿ ಮಾತಾಡಿ. ಗೋಡೆ ನೋಡ್ಕೊಂಡು ವಿವರಿಸಿದ್ರೆ ಕೇಳಿಸ್ಕೊಳ್ಳೋದು ಆನೆಗಳು ಮಾತ್ರ.

ಮೊದಲು ತೋರಿಸಿ, ಒಂದೆರಡು ಕ್ಷಣ ಸುಮ್ಮನಿರಿ, ಆಮೇಲೆ ಮಾತು. ಮಾತು ಮೊದಲಾದ್ರೆ ಜನ ನಿಮ್ಮ ಮುಖ ನೋಡ್ತಾರೆ, ಕಲ್ಲು ನೋಡಲ್ಲ, ಜೋಕು ಬಿದ್ದುಹೋಗುತ್ತೆ.

ತಾಳಮದ್ದಲೆ
ದೀಪಸ್ತಂಭದ ಹತ್ರ ಕಾಗದ ತೂರಿಸೋ ಆಟ ಉಂಟಲ್ಲ, "ಗಾಳಿಯಲ್ಲಿ ನಿಂತ ಕಂಬ" ಅಂತ ಹೇಳ್ತಾರೆ. ಅದು ನಿಜವಾ?

ಶಾಸನಪ್ರಿಯ
ಗಾಳಿಯಲ್ಲಿ ನಿಂತಿಲ್ಲ. ಅಗಲವಾದ ಕಲ್ಲಿನ ಕಟ್ಟೆ, ಅದರ ಮೇಲೆ ಒಂದೇ ಕಲ್ಲಿನ ಕಂಬ, ಗಾರೆಯಿಲ್ಲ, ನೆಲಕ್ಕೆ ಹೂತಿಲ್ಲ. ತಳ ಪೂರ್ತಿ ಕೂತಿಲ್ಲ, ಒಂದು ಕಡೆ ಸಂದು ಇದೆ, ಕಾಗದ ಹೋಗುತ್ತೆ. ಉಳಿದ ಕಡೆ ಕೂತಿದೆ. ಭಾರದ ನಡುಬಿಂದು ತಳದ ಒಳಗೇ ಬೀಳೋವರೆಗೆ ಕಂಬ ಉರುಳಲ್ಲ. ಮೂರು ಕಾಲು ನೆಲಕ್ಕೆ ಊರಿದ ಟೇಬಲ್ಲಿನ ನಾಲ್ಕನೇ ಕಾಲ ಕೆಳಗೂ ಕಾಗದ ತೂರಿಸಬಹುದು, ಅದನ್ನ ಯಾರೂ ಪವಾಡ ಅನ್ನಲ್ಲ. ಇಲ್ಲಿ ಟೇಬಲ್ಲು 42 ಅಡಿ, ಅಷ್ಟೇ ವ್ಯತ್ಯಾಸ.

ಮಕ್ಕಳು ಕಡ್ಡಿ, ನಾಣ್ಯ ತುರುಕದಂಗೆ ನೋಡ್ಕೊಳ್ಳಿ. ಕಂಬ ತಳ್ಳಿ ನೋಡೋ ಭೀಮಸೇನರು ಪ್ರತಿ ಗುಂಪಲ್ಲೂ ಒಬ್ಬರು ಇರ್ತಾರೆ. ಅವರನ್ನ ಮೊದಲೇ ಗುರುತು ಹಿಡಿದು ನೀರಿನ ಬಾಟಲಿ ಹೊರೋ ಕೆಲಸ ಕೊಡಿ.

ರಾಗಿಮುದ್ದೆ_ಬಸ್ಸಾರು
ಎಲ್ಲಾ ಸರಿ, ಕಾಲು ಸುಡೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. ಬರಿಗಾಲಲ್ಲಿ ಹೋಗ್ಬೇಕು, ಅಂಗಳ ಪೂರ್ತಿ ಕಲ್ಲು ಹಾಸು. ಬಿಸಿಲು ಏರಿದ ಮೇಲೆ ಅದು ದೋಸೆ ಕಾವಲಿ. ನಗೆನಡಿಗೆ ಅಲ್ಲ, ನೆಗೆನಡಿಗೆ ಆಗುತ್ತೆ. ದಪ್ಪ ಹತ್ತಿ ಕಾಲುಚೀಲ ತರೋಕೆ ಹೇಳಿ. ನೈಲಾನ್ ಬೇಡ, ನುಣುಪು ಕಲ್ಲಿನ ಮೇಲೆ ಜಾರುತ್ತೆ. ನವರಂಗದ ಒಳಗೆ ಕಲ್ಲು ತಣ್ಣಗೆ, ಪಾಲಿಶ್ ಹಾಕಿದಂಗಿದೆ, ಅಲ್ಲಿ ಹಿರಿಯರು ಕಾಲುಚೀಲ ಬಿಚ್ಚೋದೇ ಒಳ್ಳೇದು. ಚಪ್ಪಲಿಗೆ ದೊಡ್ಡ ಗೋಣಿಚೀಲ ಒಂದು ತಗೊಂಡ್ ಹೋಗಿ, 22 ಜೊತೆ ಒಂದೇ ಕಡೆ ಇಡಿ. ಇಲ್ಲಾಂದ್ರೆ ವಾಪಸ್ ಬಂದಾಗ ಎಡಗಾಲಿನ ಚಪ್ಪಲಿ ಹುಡುಕೋಕೇ ಕಾಲು ಗಂಟೆ.

ಹಾಸನದಿಂದ 40 ಕಿಲೋಮೀಟರ್ ಹತ್ರ ಬರುತ್ತೆ, ಒಂದು ಗಂಟೆ ಇಟ್ಕೊಳ್ಳಿ. ಎಂಟೂವರೆ ಒಂಬತ್ತಕ್ಕೆ ಅಲ್ಲಿರೋ ಥರ ಹೊರಡಿ. ಬೆಳಗಿನ ಬಿಸಿಲು ಪೂರ್ವದ ಗೋಡೆ ಮೇಲೆ ಓರೆಯಾಗಿ ಬೀಳೋದ್ರಿಂದ ಕೆತ್ತನೆ ಎದ್ದು ಕಾಣುತ್ತೆ. ದರ್ಪಣ ಸುಂದರಿ ಇರೋದೂ ಪೂರ್ವದ ಬಾಗಿಲ ಬಳೀನೇ. ಫೋಟೋ ಪಾರ್ಟಿಗೆ ಅಲ್ಲೇ ಮೂರು ನಿಮಿಷ ಬಿಟ್ಟುಬಿಡಿ, ಆಮೇಲೆ ಮೊಬೈಲು ಒಳಗೆ ಅಂತ ಒಪ್ಪಂದ ಮಾಡ್ಕೊಳ್ಳಿ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ, ತಡ ಮಾಡಿದ್ರೆ ಹಿರಿಯರಿಗೆ ದರ್ಶನ ತಪ್ಪುತ್ತೆ. ಆಗ ನಿಮ್ಮ ಜೋಕು ಯಾವ್ದೂ ಕೆಲಸಕ್ಕೆ ಬರಲ್ಲ.

ಮಾಣಿ_ಮೂಡಿಗೆರೆ
ಸಳನ ಕಥೆ ಬಿಟ್ಟೇಬಿಟ್ರಾ? ನಮ್ಮ ಮೂಡಿಗೆರೆ ತಾಲೂಕಿನ ಅಂಗಡಿ ಊರಿನದ್ದು ಮಾರಾಯ್ರೆ! ಆಗ ಸೊಸೆವೂರು ಅಂತ ಹೆಸರು. ಮೃಗ ಮೇಲೆ ಬಿದ್ದಾಗ ಗುರುಗಳು "ಹೊಯ್ ಸಳ" ಅಂದ್ರು, ಇವ ಹೊಯ್ದ, ರಾಜವಂಶವೇ ಹುಟ್ಟಿತು. ಮೇಷ್ಟ್ರು ಹೇಳಿದ್ದನ್ನ ಮರುಮಾತಿಲ್ಲದೆ ಮಾಡಿದ ಕೊನೇ ಹುಡುಗ ಅಂತ ಹೇಳಿ, ಮಕ್ಕಳ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ತಾರೆ.

ಹಾಸನ್_ಹೈದ
ಸಳ ಹೊಡೆದ ಆ ಮೃಗ ಹುಲಿಯಾ, ಸಿಂಹಾನಾ? ಪ್ರತಿ ಸಲ ಗುಂಪಲ್ಲಿ ಜಗಳ ಆಗುತ್ತೆ.

ಶಾಸನಪ್ರಿಯ
ಕಥೆಯಲ್ಲಿ ಹುಲಿ. ಶಿಲ್ಪದಲ್ಲಿ ಕೇಸರ ಇರೋದ್ರಿಂದ ನೋಡೋರಿಗೆ ಸಿಂಹ. ಈ ಕಥೆ ವಿಷ್ಣುವರ್ಧನನ ಬೇಲೂರು ಶಾಸನದಲ್ಲೇ ಬರುತ್ತೆ. ತಲಕಾಡಲ್ಲಿ ಚೋಳರನ್ನ ಸೋಲಿಸಿದ್ದು, 1117ರಲ್ಲಿ ಇಲ್ಲಿ ವಿಜಯನಾರಾಯಣನ (ಈಗಿನ ಚನ್ನಕೇಶವನ) ಪ್ರತಿಷ್ಠೆ, ಎರಡೂ ಹತ್ತಿರ ಹತ್ತಿರದಲ್ಲೇ. ಚೋಳರ ಲಾಂಛನ ಹುಲಿ. ಹುಲಿ ಹೊಡೆಯೋ ಬೊಂಬೆ ಆ ಗೆಲುವಿನ ಗುರುತಾಗಿ ಹಬ್ಬಿತು ಅನ್ನೋದು ಇತಿಹಾಸಕಾರರ ವಾದ. ಸೋತ ತಂಡದ ಚಿಹ್ನೆಯನ್ನ ತಮ್ಮ ಬಾಗಿಲಲ್ಲೇ ನಿಲ್ಲಿಸಿ ಒದೆಯೋದು ಅಂದ್ರೆ ಇದೇ. ಕ್ರಿಕೆಟ್ ನೋಡೋರಿಗೆ ವಿವರಣೆ ಬೇಡ.

ತಾಳಮದ್ದಲೆ
ಒಳಗೆ ಹೋದ ಮೇಲೆ 12 ನಿಮಿಷ ಏನು ಮಾಡೋದು? ಬರೀ ಕತ್ತಲೆ.

ಜಗತಿಕಟ್ಟೆ
ಕತ್ತಲೆಗೂ ಕಾರಣ ಇದೆ, ಅದನ್ನೇ ಹೇಳಿ. ಮೊದಲು ಅದು ತೆರೆದ ಮಂಟಪ. ಕಂಬಗಳ ನಡುವೆ ಈಗ ಕಾಣೋ ಜಾಲಂಧ್ರಗಳು (ಕಲ್ಲಿನ ಜಾಲರಿಗಳು) ಎರಡನೇ ವೀರಬಲ್ಲಾಳನ ಕಾಲದಲ್ಲಿ ಸೇರಿದ್ದು. ತಾತ ಕಟ್ಟಿಸಿದ ವರಾಂಡಕ್ಕೆ ಮೊಮ್ಮಗ ಗ್ರಿಲ್ ಹಾಕಿಸಿದ. ವಿಷ್ಣುವರ್ಧನನ ಮೊಮ್ಮಗನೇ ಅವನು, ಹಾಗಾಗಿ ಜೋಕೂ ಸರಿ, ಇತಿಹಾಸವೂ ಸರಿ.

ಬಾಗಿಲು ದಾಟಿದ ಕೂಡಲೇ ಮಾತಾಡ್ಬೇಡಿ. ಒಂದು ಪಕ್ಕಕ್ಕೆ ಕರ್ಕೊಂಡು ಹೋಗಿ ಕಣ್ಣು ಮುಚ್ಚಿಸಿ, ಮನಸ್ಸಲ್ಲೇ ಅರವತ್ತು ಎಣಿಸೋಕೆ ಹೇಳಿ. ತೆಗೆದಾಗ ಕಂಬಗಳು ಕಾಣೋಕೆ ಶುರು. 48 ಕಂಬ. ನಡುವಿನ ನಾಲ್ಕು ಬಿಟ್ಟು ಒಂದರಂತೆ ಒಂದಿಲ್ಲ. ಕೆಲವು ಗಂಟೆ ಆಕಾರದಲ್ಲಿ ದುಂಡಗಿವೆ, ಮೈಮೇಲೆ ಸಣ್ಣ ಸಣ್ಣ ಬಳೆಗೆರೆ. ಕಲ್ಲನ್ನ ತಿರುಗಿಸ್ತಾ ಉಳಿ ಹಿಡಿದು ಕಡೆದದ್ದು ಅದು, ಚನ್ನಪಟ್ಟಣದ ಬೊಂಬೆ ಮರದಲ್ಲಿ ಕಡೆದಂಗೆ. ಆ ಗೆರೆ ಹೇಗೆ ಬಂತು ಅಂತ ಗುಂಪಲ್ಲಿರೋ ಇಂಜಿನಿಯರ್‌ಗೆ ಕೇಳಿ. ಒಬ್ಬರಲ್ಲ ಐದು ಜನ ಇರ್ತಾರೆ, ಅವರವರಲ್ಲೇ ವಾದ ಶುರುವಾಗಿ ನಿಮಗೆ ವಿರಾಮ.

ನರಸಿಂಹ ಕಂಬ ತೋರಿಸಿ. ಮೈಪೂರ್ತಿ ಚಿಕ್ಕ ಚಿಕ್ಕ ಮೂರ್ತಿ. ಹಿಂದೆ ತಿರುಗ್ತಿತ್ತು ಅನ್ನೋ ಮಾತಿದೆ. "ಅಂತ ಹೇಳ್ತಾರೆ" ಅನ್ನೋ ಮಾತು ಸೇರಿಸೋದು ಮರೀಬೇಡಿ. ಆಮೇಲೆ ನಡುವಿನ ಮಂಟಪದ ತಾರಸಿ, ಅದರ ನಾಲ್ಕು ಕಂಬದ ಮೇಲೆ ಒಳಗಿನ ನಾಲ್ಕು ಮದನಿಕೆಯರು. ಒಬ್ಬಳ ಕೈಬಳೆ ಬಿಡಿಯಾಗಿದೆ, ಅಲ್ಲಾಡುತ್ತೆ. ಅದೂ ಅದೇ ಕಲ್ಲಲ್ಲಿ ಕಡೆದು ಬಿಡಿಸಿದ್ದು. ಬಳೆ ಅಂಗಡಿಯವರು ಕೈ ಹಿಂಡಿ ಹಾಕಿದ ಬಳೆ ಅಲ್ಲ.

ಕಾಫಿಸೀಮೆ_ಅಕ್ಕ
ಮೊಣಕಾಲು ನೋವಿನವರ ಬಗ್ಗೆ ಹೇಳಿ ಯಾರಾದ್ರೂ. ಅವರನ್ನ ಜಗತಿ ಸುತ್ತ ತಿರುಗಿಸಿದ್ರೆ ನವರಂಗಕ್ಕೆ ಬರೋವಷ್ಟರಲ್ಲಿ ಸಾಕಾಗಿರುತ್ತೆ. ಪೂರ್ವದ ಮೆಟ್ಟಿಲು ಒಂದೇ ಸಲ ಹತ್ತಿಸಿ, ಸೀದಾ ಒಳಗೆ ಕರ್ಕೊಂಡು ಹೋಗಿ ಬಾಗಿಲ ಪಕ್ಕದ ಎತ್ತರದ ಕಲ್ಲು ಜಗಲಿ ಮೇಲೆ ಕೂರಿಸಿ. ತಣ್ಣಗಿರುತ್ತೆ, ದರ್ಶನಾನೂ ಆಗುತ್ತೆ, ಕೂತಲ್ಲೇ ಕಂಬ ತಾರಸಿ ಎಲ್ಲಾ ಕಾಣುತ್ತೆ. ಒಬ್ಬರು ಜೊತೆಗಿದ್ರೆ ಸಾಕು. ಉಳಿದೋರು ಹೊರಗೋಡೆ ಮುಗಿಸಿ ಬರೋಷ್ಟರಲ್ಲಿ ಹಿರಿಯರೇ ಉಳಿದೋರಿಗೆ ಗೈಡ್ ಆಗಿರ್ತಾರೆ.

ಬೀಗರ_ಉಸ್ತುವಾರಿ
ಅಕ್ಕ, ಇದು ಬಹಳ ಉಪಯೋಗ ಆಯ್ತು. ಕೊನೇದು: ಜಕಣಾಚಾರಿ ಕಥೆ ಹೇಳ್ಲಾ ಬೇಡ್ವಾ? ಅದಿಲ್ದೆ ಬೇಲೂರು ಅಂದ್ರೆ ಬೀಗರು ಬಿಡ್ತಾರಾ?

ಗೈಡ್_ಅಲ್ಲ_ಗೈಡ್_ಥರ
ಹೇಳ್ಲೇಬೇಕು. ಕಪ್ಪೆ ಚೆನ್ನಿಗರಾಯನ ಗುಡಿ ಮುಂದೆ ನಿಂತು ಹೇಳಿ, ಕೊನೇ ನಿಲ್ದಾಣ ಅದೇ ಇರ್ಲಿ. ಮುಖ್ಯ ಗುಡಿಯ ದಕ್ಷಿಣಕ್ಕಿದೆ. ಶಿಲ್ಪಿ ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಲ್ಲಿ ದೋಷ ಇದೆ ಅಂತ ಹುಡುಗ ಡಂಕಣಾಚಾರಿ ಅಂದ. ದೋಷ ಇದ್ರೆ ಕೈ ಕಡ್ಕೋತೀನಿ ಅಂದ ಜಕಣಾಚಾರಿ. ಮೈಗೆಲ್ಲ ಗಂಧ ಬಳಿದ್ರು. ಎಲ್ಲಾ ಕಡೆ ಒಣಗಿತು, ಹೊಕ್ಕುಳ ಹತ್ರ ಮಾತ್ರ ಹಸಿ. ಒಡೆದ್ರೆ ನೀರು, ಮರಳು, ಕಪ್ಪೆ. ಮಾತಿಗೆ ತಪ್ಪದೆ ಜಕಣಾಚಾರಿ ಬಲಗೈ ಕಡ್ಕೊಂಡ. ಆಮೇಲೆ ಗೊತ್ತಾಯ್ತು ಹುಡುಗ ತನ್ನ ಮಗ ಅಂತ. ಗಂಧದ ಸ್ಕ್ಯಾನಿಂಗು, ರಿಪೋರ್ಟು ಅಲ್ಲೇ.

ಶಾಸನಪ್ರಿಯ
ಹೇಳಿ, ಆದ್ರೆ ಕಥೆ ಅಂತಲೇ ಹೇಳಿ. ಬೇಲೂರಿನ ಯಾವ ಶಾಸನದಲ್ಲೂ ಜಕಣಾಚಾರಿ ಹೆಸರಿಲ್ಲ. ಆ ಗುಡಿ ರಾಣಿ ಶಾಂತಲೆ ಮಾಡಿಸಿದ್ದು, ಅದು ಶಾಸನದಲ್ಲಿದೆ. ಕಥೆಗಾಗಿ ಅವಳ ಹೆಸರು ಮುಚ್ಚಿಹೋಗೋದು ನ್ಯಾಯ ಅಲ್ಲ.

ಹಾಸನ್_ಹೈದ
ಏನ್ ಸ್ವಾಮಿ, ಸರ್ಕಾರಾನೇ ಜಕಣಾಚಾರಿ ಪ್ರಶಸ್ತಿ ಕೊಡುತ್ತೆ. ಇಡೀ ನಾಡು ನಂಬಿರೋದನ್ನ ನೀವು ಒಂದು ಕಲ್ಲು ತೋರಿಸಿ ಇಲ್ಲ ಅಂತೀರಾ?

ಶಾಸನಪ್ರಿಯ
ನಂಬಿಕೆ ಬೇಡ ಅಂತಿಲ್ಲ. ಆದ್ರೆ ನಿಜವಾಗಿ ಕೆತ್ತಿದವರು ತಮ್ಮ ಹೆಸರು ತಾವೇ ಕೊರೆದು ಹೋಗಿದ್ದಾರಲ್ಲ, ಅವರನ್ನ ಬಿಟ್ಟು ಇನ್ಯಾರನ್ನೋ ಹೊಗಳೋದ್ಯಾಕೆ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮದನಿಕೆಯರ ಪಾದಪೀಠದಲ್ಲಿ ಅಕ್ಷರ ಇದೆ. ಜೊತೆಗೆ ಬಿರುದು: ಎದುರಾಳಿ ರೂವಾರಿಗಳನ್ನ ಬಗ್ಗುಬಡಿಯೋನು ತಾನು ಅನ್ನೋ ಧಾಟಿ. ರೂವಾರಿ ಅಂದ್ರೆ ಶಿಲ್ಪಿ. ಒಂದೇ ಗೋಡೆ ಮೇಲೆ, ಪಕ್ಕ ಪಕ್ಕದಲ್ಲಿ ಕೆಲಸ ಮಾಡ್ತಾ, ಕಾಲ ಕೆಳಗೆ "ನನ್ನಷ್ಟು ಯಾರೂ ಇಲ್ಲ" ಅಂತ ಬರ್ಕೊಂಡಿರೋದು. ಆಟೋ ಹಿಂದಿನ ಬರಹಕ್ಕಿಂತ ಇದು ಎಂಟು ಶತಮಾನ ಹಳೇದು. ಇದಕ್ಕಿಂತ ಜೋಕು ಬೇಕಾ?

ಯಗಚಿತೀರ
ಅಪ್ಪ ಮಗ ಇಬ್ಬರೂ ಶಿಲ್ಪಿಗಳು, ಅದು ಕಥೇಲೂ ಇದೆ ಶಾಸನದಲ್ಲೂ ಇದೆ. ಕಥೇಲಿ ಅಪ್ಪ ಕೈ ಕಡ್ಕೊಂಡ, ಶಾಸನದಲ್ಲಿ ಇಬ್ಬರೂ ಸಹಿ ಹಾಕಿ ಮನೆಗೆ ಹೋದ್ರು. ಎರಡನ್ನೂ ಒಟ್ಟಿಗೆ ಹೇಳಿ, ಯಾರಿಗೂ ಬೇಜಾರಿಲ್ಲ.

ಹಾಸನ್_ಹೈದ
ಹೂಂ, ಹಂಗಾದ್ರೆ ಸರಿ. ಕೈದಾಳದಲ್ಲಿ ಕೈ ವಾಪಸ್ ಬಂತು ಅಂತ ಹೇಳೋದು ಬಿಡ್ಬೇಡಿ ಮಾತ್ರ. ತುಮಕೂರು ಕಡೆ ಬೀಗರಿದ್ರೆ ಕೇಳೇ ಕೇಳ್ತಾರೆ.

ಜಗತಿಕಟ್ಟೆ
"103 ವರ್ಷ ಕಟ್ಟಿದ್ರು" ಅನ್ನೋದನ್ನೂ ಜೋಪಾನವಾಗಿ ಹೇಳಿ. ಪ್ರತಿಷ್ಠೆ 1117ರಲ್ಲೇ ಆಗಿದೆ. ಜಾಲಂಧ್ರ, ಸುತ್ತಲಿನ ಗುಡಿ, ಗೋಪುರ ಅಂತ ಸೇರಿಸ್ತಾ ಹೋಗಿದ್ದು ಆಮೇಲೆ. ಗೃಹಪ್ರವೇಶ ಆದ ಮೇಲೂ ಮನೆ ಕೆಲಸ ಮುಗಿಯದೇ ಇರೋದು ಹೊಸದೇನಲ್ಲ ಅನ್ನಿ, ಮನೆ ಕಟ್ಟಿಸ್ದೋರೆಲ್ಲ ತಲೆ ಅಲ್ಲಾಡಿಸ್ತಾರೆ.

ಗೊಮ್ಮಟನ_ಮೆಟ್ಲು
ಇಷ್ಟೆಲ್ಲ ತಲೆಬಿಸಿ ಯಾಕೆ, ಶ್ರವಣಬೆಳಗೊಳಕ್ಕೆ ಕರ್ಕೊಂಡ್ ಹೋಗಿ. ಒಂದೇ ಮೂರ್ತಿ, 58 ಅಡಿ, ವಿವರಣೆ ಬೇಕಿಲ್ಲ.

ರಾಗಿಮುದ್ದೆ_ಬಸ್ಸಾರು
ವಿಂಧ್ಯಗಿರಿಗೆ 600ಕ್ಕೂ ಮೇಲೆ ಮೆಟ್ಟಿಲು, ಬಂಡೆ ಮೇಲೆ ಬರಿಗಾಲು. ಮೊಣಕಾಲು ನೋವಿನ ನಾಲ್ಕು ಜನ ಅಂತ ಮೊದಲನೇ ಪೋಸ್ಟಲ್ಲೇ ಇದೆ. ಓದಿ ಬರೀರಿ ಸ್ವಾಮಿ.

ಮಾಣಿ_ಮೂಡಿಗೆರೆ
ಹಳೇಬೀಡು ಬರೀ 16 ಕಿಲೋಮೀಟರ್, ಅದನ್ನೂ ಸೇರಿಸಿದ್ರೆ ಎಂತ?

ಜಗತಿಕಟ್ಟೆ
ಬೇಡ. "ಬೇಲೂರು ಒಳಗೆ ನೋಡು, ಹಳೇಬೀಡು ಹೊರಗೆ ನೋಡು" ಅನ್ನೋ ಮಾತಿದೆಯಲ್ಲ. ಹಳೇಬೀಡಿನ ಹೊರಗೋಡೆಗೇ ಒಂದು ಗಂಟೆ ಬೇಕು. ಎರಡೂ ಸೇರಿಸಿದ್ರೆ ಎರಡನೇದರ ಹೊತ್ತಿಗೆ ಆನೆ ಅಂದ್ರೆ ಸಾಕು ಅಳ್ತಾರೆ.

ತಾಳಮದ್ದಲೆ
ಗೈಡ್ ಮಾಡ್ಕೊಳ್ಳೋದೇ ಸುಲಭ ಅಲ್ವಾ?

ಗೈಡ್_ಅಲ್ಲ_ಗೈಡ್_ಥರ
ಮಾಡ್ಕೊಳ್ಳಿ, ತಪ್ಪೇನಿಲ್ಲ. ಪ್ರವಾಸೋದ್ಯಮ ಇಲಾಖೆ ಗುರುತಿನ ಚೀಟಿ ಇರೋರನ್ನೇ ಕರೀರಿ. ದರ ತಲೆಗಾ ಗುಂಪಿಗಾ ಅಂತ ಗೋಪುರದ ಹೊರಗೇ ಮಾತಾಡಿ ಮುಗಿಸಿ. ಜೊತೆಗೆ ಮೊದಲೇ ಹೇಳಿ: ಕನ್ನಡದಲ್ಲಿ, 45 ನಿಮಿಷ, ಐದು ಮದನಿಕೆ, ಎರಡು ಗುಂಪು. ಹೇಳದೇ ಇದ್ರೆ ಅವರ ಪೂರ್ತಿ ಪಾಠ ಒಪ್ಪಿಸ್ತಾರೆ, ಅದು ಅವರ ತಪ್ಪಲ್ಲ. ಒಳಗಿನ ತಾರಸಿಗೆ ಬೆಳಕು ಬಿಡೋ ವ್ಯವಸ್ಥೆ ಇದೆಯಾ ಅಂತ ಅವರನ್ನೇ ಕೇಳಿ. ಮೊಬೈಲ್ ಟಾರ್ಚು ಅಲ್ಲಿವರೆಗೆ ಮುಟ್ಟಲ್ಲ.

ಬೀಗರ_ಉಸ್ತುವಾರಿ
ಎಲ್ರಿಗೂ ಧನ್ಯವಾದ. ಎಂಟೂವರೆಗೆ ಗೋಪುರದ ಮುಂದೆ, ಹಿರಿಯರು ನೇರ ಒಳಗೆ, ಮಕ್ಕಳಿಗೆ ಆನೆ, ಐದು ಮದನಿಕೆ, ಕಪ್ಪೆ ಕೊನೆಗೆ. ಗೋಣಿಚೀಲ, ಕಾಲುಚೀಲ ಪಟ್ಟಿಗೆ ಸೇರಿಸಿದೆ. ಒಂದೇ ಅನುಮಾನ: ಆ ಅಳಿಯನ ಜೋಕು. ಬರ್ತಿರೋ ಬೀಗರು ಗಂಡಿನ ಕಡೆಯವರು. ಅಳಿಯಾನೂ ಜೊತೆಗೇ ಇರ್ತಾನೆ.

ಗೈಡ್_ಅಲ್ಲ_ಗೈಡ್_ಥರ
ಹಂಗಾದ್ರೆ ಬಳಪದ ಕಲ್ಲು ಅಂತಷ್ಟೇ ಹೇಳಿ ಮುಂದೆ ನಡೀರಿ.

ಕಾಫಿಸೀಮೆ_ಅಕ್ಕ
ಗಿಣಿ ಹತ್ರಾನೂ ಜಾಸ್ತಿ ಹೊತ್ತು ನಿಲ್ಲಿಸ್ಬೇಡಿ.